ಬಂದವರಿಗೆಂದು ಎತ್ತಿಟ್ಟ ನೀರು

ನನ್ನ ಅಡುಗೆಮನೆಯ ಕಿಟಕಿಯಲ್ಲಿ ಒಂದು ಹಿತ್ತಾಳೆ ಚೊಂಬು ಇದೆ. ತವರಿನಿಂದ ಬಂದದ್ದು, ಕಂಠದ ಹತ್ತಿರ ಒಂದು ನೆಗ್ಗು, ಹೊಟ್ಟೆಯ ಮೇಲೆ ಅಜ್ಜಿಯ ಹೆಸರಿನ ಮೊದಲೆರಡು ಅಕ್ಷರ, ಉಳಿದ ಅಕ್ಷರಗಳನ್ನು ಹುಣಸೆಹಣ್ಣು, ಬೂದಿ ಸೇರಿ ತಿಂದುಹಾಕಿವೆ. ಚಿಕ್ಕವಳಿದ್ದಾಗ ಇದನ್ನು ತಿಕ್ಕಿ ಥಳಥಳ ಮಾಡಿ ಅದರ ಹೊಟ್ಟೆಯಲ್ಲಿ ಮುಖ ನೋಡಿಕೊಳ್ಳುವುದು ನನಗೆ ದೊಡ್ಡ ಆಟವಾಗಿತ್ತು. ಕೆನ್ನೆ ಊದಿಕೊಂಡು, ಮೂಗು ಹರಡಿಕೊಂಡು, ಹಲ್ಲು ಕಣ್ಣು ಎಲ್ಲವೂ ಅರಿಶಿನ ಮೆತ್ತಿದ ಹಾಗೆ ಹಳದಿಯಾಗಿ ಕಾಣುತ್ತಿದ್ದವು, ನಗು ತಡೆಯಲಾಗುತ್ತಿರಲಿಲ್ಲ. ಈಗ ಆ ಹಳದಿಯನ್ನು ಕಂಡರೆ ನಗು ಬರುವುದಿಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ನೀರು ಬೇಕೇ ಎಂದು ಮಾತ್ರ ಕೇಳುವುದಿಲ್ಲ, ತಪ್ಪು ತಿಳಿಯಬೇಡಿ, ಅದಕ್ಕೂ ಕಾರಣವಿದೆ.

ನಮ್ಮ ಶಿಕಾರಿಪುರ, ಸೊರಬದ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ, ಮಾತುಕತೆಯೆಲ್ಲ ಆಮೇಲೆ. ಬಂದವರು ನೆಂಟರೋ, ಗ್ರಾಮಲೆಕ್ಕಿಗರೋ, ಕೊಡೆ ರಿಪೇರಿಯವರೋ ಎಂದು ನೀರು ಕೊಡುವವರು ನೋಡುವುದಿಲ್ಲ. ಆದರೆ ಆ ನೀರು ಮನೆಯವರು ದಿನವೂ ಕುಡಿಯುವ ನೀರಲ್ಲ ಎಂಬುದು ನಿಮಗೆ ಗೊತ್ತಿದೆಯೇ? ಅದು ಬೇರೆಯೇ. ಅದನ್ನು ಬೇರೆ ಕೊಡಪಾನದಲ್ಲಿ, ಬಟ್ಟೆ ಮುಚ್ಚಿ, ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಟ್ಟಿರುತ್ತಾರೆ. ನನ್ನ ಮನೆಯಲ್ಲೂ ಹಾಗೆಯೇ, ಸುಳ್ಳು ಯಾಕೆ ಹೇಳಲಿ: ಬಂದವರಿಗೆ ಶುದ್ಧೀಕರಿಸಿದ ಕ್ಯಾನಿನ ನೀರು, ನಮಗೆ ನಲ್ಲಿಯದು. ಇದನ್ನು ನಾನು ಸೌಜನ್ಯವೆಂದೇ ತಿಳಿದಿದ್ದೆ.

ನನ್ನ ಹೊಟ್ಟೆಪಾಡು ನೀರು. ಶಿಕಾರಿಪುರದಲ್ಲಿ ನೀರು ಪರೀಕ್ಷಿಸುವ ಒಂದು ಸಣ್ಣ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ. ಎರಡು ಕೋಣೆ, ಒಂದು ಹಳೆಯ ಫ್ರಿಜ್ಜು, ಸಾಲು ಗಾಜಿನ ಕೊಳವೆಗಳು, ಯಾವುದು ಎಷ್ಟರವರೆಗೆ ಇದ್ದರೆ ಅಡ್ಡಿಯಿಲ್ಲ ಎಂಬ ಪಟ್ಟಿ ಗೋಡೆಯ ಮೇಲೆ. ಹಳ್ಳಿಗಳಿಂದ ಬಂದ ಬಾಟಲಿಗೆ ಹನಿ ಹಾಕಿ, ಬಣ್ಣ ನೋಡಿ, ಅಂಕಿ ಬರೆದು, ಕೊನೆಗೆ ‘ಕುಡಿಯಲು ಯೋಗ್ಯ’ ಎಂದೋ ‘ಯೋಗ್ಯವಲ್ಲ’ ಎಂದೋ ಬರೆದು ಸಹಿ ಹಾಕುವುದು ನನ್ನ ಕೆಲಸ. ವರ್ಷಗಟ್ಟಲೆ ಹೀಗೆ ಬಾಟಲಿಗಳ ಎದುರು ಕುಳಿತವಳಿಗೆ ನೀರಿನಲ್ಲಿ ಸೇರಿಕೊಳ್ಳುವ ವಸ್ತುಗಳ ಸ್ವಭಾವ ನೆರೆಹೊರೆಯವರ ಸ್ವಭಾವದಷ್ಟೇ ಪರಿಚಿತವಾಗಿಬಿಟ್ಟಿದೆ. ಕೆಲವು ಪಾಪ, ಬಾಗಿಲು ತಟ್ಟಿ ಬರುತ್ತವೆ. ಕಬ್ಬಿಣ ಬಂದರೆ ಬಿಳಿಯ ಪಂಚೆ ಕೆಂಪಾಗುತ್ತದೆ, ನಾಲಿಗೆಗೆ ಮೊಳೆ ನೆಕ್ಕಿದ ರುಚಿ. ಗಡಸು ನೀರಾದರೆ ಬೇಳೆ ಬೇಯುವುದಿಲ್ಲ, ಪಾತ್ರೆಯ ಒಳಗೆ ಬಿಳಿಯ ಪೊರೆ ಕಟ್ಟುತ್ತದೆ. ಇನ್ನು ಕೆಲವಕ್ಕೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ. ಫ್ಲೋರೈಡ್ ಮಗುವಿನ ಹಲ್ಲಿನೊಳಗೆ ಸದ್ದಿಲ್ಲದೆ ಸೇರಿಕೊಂಡು, ಅದು ನಕ್ಕಾಗ ಮಾತ್ರ ಕಾಣಿಸುತ್ತದೆ. ಮೆಕ್ಕೆಜೋಳದ ಹೊಲಕ್ಕೆ ಸುರಿದ ಗೊಬ್ಬರ ಮಳೆಯೊಡನೆ ಭೂಮಿಗಿಳಿದು ಯಾವುದೋ ಬೋರಿನಲ್ಲಿ ನೈಟ್ರೇಟಾಗಿ ಮೇಲೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.

ಎಲ್ಲಕ್ಕಿಂತ ನಾನು ಹೆದರುವುದು ಚರಂಡಿಯ ಜೀವಾಣುಗಳಿಗೆ. ಅವುಗಳನ್ನು ಹಿಡಿಯಲು ನಮ್ಮಲ್ಲೊಂದು ಪುಟ್ಟ ಬಾಟಲಿಯಿದೆ. ಒಳಗೆ ಔಷಧಿ ಹಚ್ಚಿದ ಕಾಗದದ ಚೂರು. ನೀರು ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ನೀವು ಮನೆಗೆ ಹೋಗುತ್ತೀರಿ. ಕಣ್ಣೆದುರು ಏನೂ ಆಗುವುದಿಲ್ಲ. ಒಂದು ದಿನವೋ ಎರಡು ದಿನವೋ ಕಳೆದು ಪೆಟ್ಟಿಗೆ ತೆರೆದರೆ, ಸ್ಫಟಿಕದಂತಿದ್ದ ನೀರು ಕಾಡಿಗೆಯ ಹಾಗೆ ಕಪ್ಪಾಗಿರುತ್ತದೆ. ಮೊದಲ ಸಲ ಕಂಡಾಗ ನಾನು ಬಾಟಲಿಯನ್ನು ಕೈಬಿಟ್ಟಿದ್ದೆ. ಯಾರೂ ಮುಟ್ಟಿಲ್ಲ, ಏನೂ ಬೆರೆಸಿಲ್ಲ, ಕೋಣೆಗೆ ಬೀಗ ಹಾಕಿತ್ತು; ಒಳಗಿದ್ದದ್ದು ತಾನಾಗಿಯೇ ಹೊರಗೆ ಬಂದು ನಿಂತಿತ್ತು.

ತಾಳಗುಂದಕ್ಕೆ ಹೋದಾಗಲೆಲ್ಲ ನಾನು ಅಲ್ಲಿಯ ಕಲ್ಲಿನ ಕಂಬದ ಎದುರು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೆರೆ ಕಟ್ಟಿಸಿದ ಸುದ್ದಿ ಅದರಲ್ಲಿದೆ ಎನ್ನುತ್ತಾರೆ ಓದಬಲ್ಲವರು. ಕೆರೆ ಕಟ್ಟಿಸಿದ್ದನ್ನು ಕಲ್ಲಿನಲ್ಲಿ ಕೊರೆದರು, ಸರಿ. ಆ ನೀರು ಕುಡಿದವರು ಹೇಗಿದ್ದರು ಎಂದು ಯಾರಾದರೂ ಎಲ್ಲಾದರೂ ಬರೆದಿಟ್ಟಿದ್ದಾರೆಯೇ ಎಂದು ನನಗೆ ಕುತೂಹಲ. ನಾನು ಬರೆಯುವ ಕಾಗದದಲ್ಲೂ ಅದು ಇರುವುದಿಲ್ಲ ಬಿಡಿ. ಅಂಕಿ ಇರುತ್ತದೆ, ಸಹಿ ಇರುತ್ತದೆ.

ಹೋದ ಬೇಸಿಗೆಯಲ್ಲಿ ಆನವಟ್ಟಿಯಿಂದ ಆಚೆ ಇರುವ ಒಂದು ಹಳ್ಳಿಯಿಂದ ಕರೆ ಬಂತು. ಊರಿನ ಹೆಸರು ಬೇಡ. ಒಂದೇ ಓಣಿಯಲ್ಲಿ ಮೂವರಿಗೆ ಕಾಮಾಲೆಯಾಗಿದೆ, ನೀರು ನೋಡಿ ಎಂದರು. ಬಾಟಲಿಗಳ ಚೀಲ ಹೆಗಲಿಗೇರಿಸಿ, ಬಸ್ಸು ಹಿಡಿದು ನಾನೇ ಹೋದೆ. ನೆಟ್ಟಗೆ ಏರುವ ಓಣಿ, ಎಂಟು ಮನೆ, ಎಂಟು ಹಿತ್ತಲಿನಲ್ಲಿ ಎಂಟು ನಲ್ಲಿ, ಎಲ್ಲಕ್ಕೂ ಒಂದೇ ಕೊಳವೆ. ನಮ್ಮ ನಿಯಮ ಬಹಳ ಸ್ಪಷ್ಟ. ನಲ್ಲಿಯ ಬಾಯಿ ಒರೆಸಬೇಕು, ಸ್ಪಿರಿಟ್ಟಿನ ಹತ್ತಿ ಹೊತ್ತಿಸಿ ಅದನ್ನು ಸುಡಬೇಕು, ಸ್ವಲ್ಪ ಹೊತ್ತು ನೀರು ಹರಿಯಲು ಬಿಡಬೇಕು, ಆಮೇಲೆ ಬಾಟಲಿಯನ್ನು ತಾನೇ ತುಂಬಿಕೊಳ್ಳಬೇಕು. ಆದರೆ ಮೊದಲ ಮನೆಯಲ್ಲೇ ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡರು. ಬಿಸಿಲಿನಲ್ಲಿ ಬಂದ ಹೆಂಗಸನ್ನು ಹಿತ್ತಲಿಗೆ ನಡೆಸಿ ನಲ್ಲಿಯ ಮುಂದೆ ಬಗ್ಗಿಸುವುದುಂಟೇ? ಎರಡನೆಯ ಮನೆಯಲ್ಲೂ ಅದೇ ಆಯಿತು. ಆಮೇಲೆ ನಾನೇ ಬಾಟಲಿಯನ್ನು ಮುಂದೆ ಚಾಚತೊಡಗಿದೆ.

ಕೊನೆಯದು, ಓಣಿಯ ತುದಿಯಲ್ಲಿ ಎತ್ತರದಲ್ಲಿರುವುದು, ಲಲಿತಕ್ಕನ ಮನೆ. ಐವತ್ತು ದಾಟಿದ ಗಟ್ಟಿ ಹೆಂಗಸು, ಮಗ ಆನವಟ್ಟಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಸೊಸೆ ಸುಮ ಐದು ತಿಂಗಳ ಬಸುರಿ. ಲಲಿತಕ್ಕ ನನ್ನನ್ನು ಜಗಲಿಯ ಮೇಲೆ ಕೂರಿಸಿ, “ಬಾಟ್ಲಿ ಕೊಡ್ರಿ ಇಲ್ಲಿ, ನಾನು ತುಂಬಿ ತರ್ತೀನಿ. ಬಂದೋರ ಕೈಲಿ ನೀರು ಹಿಡಿಸದಾ? ಯಾರಾದ್ರೂ ಕಂಡ್ರೆ ಏನಂದ್ಕಂಡಾರು!” ಎಂದು ಒಳಗೆ ಹೋದಳು. ಸುಮ ಚೊಂಬು, ಬೆಲ್ಲ ತಂದಿಟ್ಟಳು. ಆ ನೀರು, ಏನು ಹೇಳಲಿ, ಎಷ್ಟು ತಂಪಾಗಿತ್ತು, ಎಷ್ಟು ಸಿಹಿಯಾಗಿತ್ತು! ಚೊಂಬು ಖಾಲಿ ಮಾಡಿ ಕೆಳಗಿಡುವಾಗ ಹಿತ್ತಲಿನ ಕಡೆಯಿಂದ ಒಂದು ಸದ್ದು ಬಂತು. ಯಾರೋ ಹಲ್ಲು ಕಚ್ಚಿಕೊಂಡು ದೀರ್ಘವಾಗಿ ಉಸಿರೆಳೆದುಕೊಳ್ಳುವ ಸದ್ದು. ಅದು ನಿಲ್ಲಲೇ ಇಲ್ಲ.

ನಾನು ಬೆಚ್ಚಿದ್ದು ಕಂಡು ಸುಮ ನಕ್ಕಳು. “ಅದು ನಲ್ಲಿ ಮೇಡಂ. ಟ್ಯಾಂಕಿನ ನೀರು ನಿಲ್ಸಿದ ಕೂಡ್ಲೇ ಹಂಗೆ ಒಳಕ್ಕೆ ಎಳ್ಕಂತದೆ. ನಲ್ಲಿಗೂ ಬಾಯಾರ್ತದೆ ಅಂತಾರೆ ನಮ್ಮತ್ತೆ.”

ನಾನೂ ನಕ್ಕೆ. ಅಯ್ಯೋ, ಆ ನಗುವಿಗಿಷ್ಟು ಬೆಂಕಿ ಹಾಕ! ನೀರು ನಿಂತಾಗ ಕೊಳವೆ ಬರಿದಾಗುತ್ತದೆ, ಬರಿದಾದ ಕೊಳವೆ ಎಲ್ಲಿ ಬಿರುಕಿದೆಯೋ ಅಲ್ಲಿಂದ ಸುತ್ತಲಿನದನ್ನು ಒಳಕ್ಕೆಳೆದುಕೊಳ್ಳುತ್ತದೆ, ಸುತ್ತ ಚರಂಡಿಯಿದ್ದರೆ ಚರಂಡಿಯನ್ನೇ ಕುಡಿದು ಮರುದಿನ ಬೆಳಗ್ಗೆ ಮನೆಮನೆಗೆ ಬಡಿಸುತ್ತದೆ ಎಂದು ಓದಿ ಪಾಸಾದವಳು ನಾನು. ಅದರ ಉಸಿರನ್ನು ಕಿವಿಯಾರೆ ಕೇಳುತ್ತ ಬೆಲ್ಲ ಚೀಪುತ್ತ ಕುಳಿತಿದ್ದೆ. ಲಲಿತಕ್ಕ ತುಂಬಿದ ಬಾಟಲಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು, ನಾನು ಚೀಟಿ ಅಂಟಿಸಿ ಚೀಲಕ್ಕೆ ಹಾಕಿದೆ.

ಎಂಟು ಬಾಟಲಿಗಳಲ್ಲಿ ಒಂದೂ ಕಪ್ಪಾಗಲಿಲ್ಲ. ಗಡಸುತನ, ನೈಟ್ರೇಟ್, ಫ್ಲೋರೈಡ್, ಯಾವುದನ್ನು ನೋಡಿದರೂ ಎಂಟರಲ್ಲೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಅಂಕಿ. ಬೇರೆ ಬೇರೆ ಮನೆಯ ಎಂಟು ನೀರು ಒಂದೇ ಬಾಯಿಂದ ಉತ್ತರ ಹೇಳುತ್ತಿದ್ದವು. ಕೂದಲೆಳೆಯ ವ್ಯತ್ಯಾಸವೂ ಇಲ್ಲದ್ದು ಕಂಡು ಮನಸ್ಸಿನ ಮೂಲೆಯಲ್ಲಿ ಏನೋ ಚುರುಕ್ಕೆಂದಿತು, ನಿಜ. ಆದರೆ ಕೊಳವೆ ಒಂದೇ, ಹಾಗಾಗಿ ನೀರೂ ಒಂದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಊರಿನ ಬೋರಿನ ಹಳೆಯ ವರದಿ ಅಲ್ಮೇರಾದಲ್ಲೇ ಇತ್ತು. ತೆಗೆದು ನೋಡಲಿಲ್ಲ. ‘ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕಿದೆ.

ಆಮೇಲೆ ಆದದ್ದು ನನಗೆ ತಡವಾಗಿ ತಿಳಿಯಿತು. ಮೊದಲ ಮೂವರು ಮಲಗಿದಂದಿನಿಂದ ಓಣಿಯವರೆಲ್ಲ ನೀರು ಕಾಯಿಸಿ ಕುಡಿಯುತ್ತಿದ್ದರಂತೆ. ನನ್ನ ವರದಿ ಬಂದ ದಿನ ಕಾಯಿಸುವುದನ್ನು ಬಿಟ್ಟರು. ಕೆಲವು ವಾರ ಏನೂ ಆಗಲಿಲ್ಲ. ಮತ್ತೆ ಶುರುವಾಯಿತು, ಈ ಸಲ ಒಂದು ಮನೆಯಾದ ಮೇಲೆ ಪಕ್ಕದ ಮನೆ, ಅದಾದ ಮೇಲೆ ಅದರ ಪಕ್ಕದ್ದು, ಯಾರೋ ಕೈಯಲ್ಲಿ ಪಟ್ಟಿ ಹಿಡಿದು ಬಾಗಿಲು ನೋಡುತ್ತ ಬರುತ್ತಿರುವ ಹಾಗೆ. ನೀರು ಚೆನ್ನಾಗಿದೆಯೆಂದು ಸರ್ಕಾರದ ಕಾಗದವೇ ಹೇಳಿದ ಮೇಲೆ ಬೇರೆ ಏನು ಕಾರಣವಿದ್ದೀತು? ಯಾವುದೋ ಮದುವೆಯ ಊಟ ಎಂದರು ಕೆಲವರು, ಓಣಿಗೆ ಗಾಳಿ ಹೊಕ್ಕಿದೆ ಎಂದರು ಹಲವರು. ಬಾಗಿಲಿಗೆಲ್ಲ ನಿಂಬೆಹಣ್ಣು, ಬೇವಿನ ಸೊಪ್ಪು ಬಂತು. ನಡುಹಗಲಲ್ಲೂ ಎಲ್ಲರೂ ಒಬ್ಬರ ಕಣ್ಣು ಇನ್ನೊಬ್ಬರು ನೋಡುತ್ತ ಕೂರುತ್ತಿದ್ದರಂತೆ.

ನನಗೆ ಕಣ್ಣು ತೆರೆಸಿದವರು ಬುಡನ್ ಸಾಬರು. ಹಿತ್ತಾಳೆ ತಾಮ್ರದ ಪಾತ್ರೆಗಳ ಒಳಗೆ ತವರದ ಕಲಾಯಿ ಹಾಕುವವರು. ಶಿಕಾರಿಪುರದಲ್ಲಿ ಈಗ ಈ ಕೆಲಸಕ್ಕೆ ಉಳಿದಿರುವವರು ಅವರೊಬ್ಬರೇ ಇರಬೇಕು. ವರದಿ ಕಳಿಸಿ ಒಂದೂವರೆ ತಿಂಗಳಾಗಿತ್ತು. ನನ್ನ ಅಜ್ಜಿಯ ಚೊಂಬಿಗೆ ಕಲಾಯಿ ಹಾಕಿಸಲು ಹೋದವಳು ಅವರ ತಿದಿಯ ಎದುರು ಸ್ಟೂಲಿನ ಮೇಲೆ ಕುಳಿತೆ. ಅವರು ಚೊಂಬಿನೊಳಗೆ ಬೆರಳಾಡಿಸಿ, “ಅಕ್ಕೋರೆ, ಇದ್ರಾಗೆ ನೀವು ಕ್ಯಾನ್ ನೀರು ಹಾಕ್ತೀರಿ” ಎಂದರು. ಹೇಗೆ ಗೊತ್ತಾಯಿತು ಎಂದೆ.

“ಪಾತ್ರೆ ಒಳಗಿನ ಕರೆ ನೋಡಿದ್ರೆ ಊರು ಹೇಳ್ತೀನ್ರೀ ನಾನು. ನಲ್ವತ್ತು ವರ್ಷ ಇದನ್ನೇ ಕೆರೆದೀನಿ,” ಎಂದು ಬೀಗುತ್ತ, ಮೂಲೆಯಲ್ಲಿದ್ದ ರಾಶಿಯೊಂದನ್ನು ತೋರಿಸಿದರು. ಆ ಹಳ್ಳಿಯ ಆ ಓಣಿಯಿಂದಲೇ ಬಂದದ್ದು; ಆನವಟ್ಟಿ ಸಂತೆಗೆ ಹೋದಾಗ ತಂದುಕೊಂಡಿದ್ದರು. “ಇದೊಂದು ಓಣಿದು ಮಾತ್ರ ನಂಗೆ ತಿಳಿಯಂಗಿಲ್ಲ. ಒಂದೇ ಮನೇದು, ಕೊಡಪಾನಕ್ಕೆ ನೋಡ್ರಿ, ಸುಣ್ಣದ ಪೊರೆ ಹೆಂಗೆ ಕುಂತೈತಿ. ಚೊಂಬಿಗೆ ನೋಡ್ರಿ, ಒಂದು ಚೂರು ಪೊರೆ ಇಲ್ಲ. ಎಂಟೂ ಮನೇದು ಹಿಂಗೇ. ಬಂದೋರ ಚೊಂಬಿಗೆ ಒಂದು ನೀರು, ಮನೆಯೋರ ಕೊಡಪಾನಕ್ಕೆ ಇನ್ನೊಂದು.”

ಬೇಸಿಗೆಯ ನಡುವೆ, ಕೆಂಡದ ಎದುರು ಕುಳಿತಿದ್ದ ನನ್ನ ಬೆನ್ನಿನ ಮೇಲೆ ತಣ್ಣೀರು ಇಳಿದಂತಾಯಿತು. ನನಗೆ ತುಂಬಿಕೊಟ್ಟದ್ದು ಪೊರೆ ಕಟ್ಟದ ನೀರು. ಎಂಟು ಬಾಟಲಿಗಳಲ್ಲೂ ಇದ್ದದ್ದು ನಲ್ಲಿಯ ನೀರೇ ಅಲ್ಲ. ಪ್ರಯೋಗಾಲಯಕ್ಕೆ ಓಡಿ ಹೋಗಿ ಅಲ್ಮೇರಾ ತೆಗೆದೆ; ಹಳೆಯ ವರದಿಯಲ್ಲಿ ಆ ಬೋರಿನ ನೀರು ಗಡಸೆಂದು ನನ್ನದೇ ಕೈಬರಹದಲ್ಲಿ ಇತ್ತು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಲಲಿತಕ್ಕನ ಬಾಗಿಲಿಗೂ ನಿಂಬೆಹಣ್ಣು ಕಟ್ಟಿತ್ತು. ಹೊಸ್ತಿಲಿನ ಒಳಗೆ ಗೋಡೆಗೊರಗಿ ಸುಮ ಕುಳಿತಿದ್ದಳು, ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಬಿಳಿಯೇ ಇರಲಿಲ್ಲ. ನನ್ನ ಚೊಂಬಿನಲ್ಲಿ ನಾನು ಕಾಣುತ್ತಿದ್ದ ಹಳದಿ ಅದು.

“ಲಲಿತಕ್ಕಾ, ಅವತ್ತು ನಂಗೆ ಯಾವ ನೀರು ಕೊಟ್ರಿ?” ಎಂದು ಕೇಳಿದೆ.

“ದೇವರ ನೀರು ಕಣ್ರಿ,” ಎಂದಳು ಆಕೆ, ಅದರಲ್ಲಿ ಕೇಳುವುದೇನಿದೆ ಎಂಬಂತೆ. “ನಮ್ಮನೆ ಬಾವೀದು. ನಲ್ಲಿ ನೀರನ್ನ ದೇವ್ರಿಗೆ ಇಡಲ್ಲ, ಬಂದೋರಿಗೆ ಕೊಡಲ್ಲ. ಓಣಿಯೋರೆಲ್ಲ ದಿನಾ ಬೆಳಿಗ್ಗೆ ಒಂದೊಂದು ಚೊಂಬು ಇಲ್ಲಿಂದ್ಲೇ ಒಯ್ಯದು. ಬಾವೀಲಿ ಇರದೇ ಅಷ್ಟು, ಕುಡಿಯಕ್ಕೆಲ್ಲ ಎಲ್ಲಿ ಸಾಲ್ತದೆ? ನೀವು ಅಷ್ಟು ದೂರದಿಂದ ಬಂದಿದ್ರಿ, ದೊಡ್ಡೋರೆಲ್ಲ ನೋಡ ನೀರು ಅದು. ಕೆಟ್ಟದ್ದು ಕೊಡಕ್ಕಾಗ್ತದಾ ಮೇಡಂ?”

ಎಂಟೂ ಹಿತ್ತಲಿಗೆ ಹೋಗಿ ನಲ್ಲಿಯ ಬಾಯಿ ಸುಟ್ಟು ನಾನೇ ಬಾಟಲಿ ತುಂಬಿಕೊಂಡೆ. ಯಾರೂ ಕಾಯಿಸದೆ ಕುಡಿಯಬೇಡಿ ಎಂದು ಎಂಟೂ ಮನೆಗೆ ಹೇಳಿದೆ, ಪಂಚಾಯಿತಿಗೆ ಫೋನು ಮಾಡಿ ನೀರು ನಿಲ್ಲಿಸಿ ಟ್ಯಾಂಕರ್ ತರಿಸಿದೆ, ಸುಮಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಅವಳ ಗಂಡನನ್ನು ಬೈದು ಹೊರಡಿಸಿದೆ. ಮರುದಿನ ಮಧ್ಯಾಹ್ನ ಪೆಟ್ಟಿಗೆ ತೆಗೆದರೆ ಎಂಟು ಬಾಟಲಿಗಳೂ ಕಪ್ಪಾಗಿ ಸಾಲಾಗಿ ನಿಂತಿದ್ದವು. ಓಣಿಯ ತಿರುವಿನಲ್ಲಿ ನೆಲ ಅಗೆದರು. ಕೊಳವೆ ಚರಂಡಿಯೊಳಗೇ ಹಾದುಹೋಗಿತ್ತು, ಜೋಡಣೆಗೆ ಯಾವ ಕಾಲದಲ್ಲೋ ಸೈಕಲ್ ಟ್ಯೂಬಿನ ಚೂರು ಸುತ್ತಿದ್ದರು, ಅದು ಕೊಳೆತು ಬಾಯಿ ಬಿಟ್ಟಿತ್ತು. ದಿನವೂ ನೀರು ನಿಂತ ಹೊತ್ತಿಗೆ ಉಸಿರೆಳೆದುಕೊಳ್ಳುತ್ತಿದ್ದದ್ದು ಆ ಬಾಯಿ.

ಸುಮ ಉಳಿದಳು. ಮಗು ಉಳಿಯಲಿಲ್ಲ.

ಅದನ್ನು ಯಾವ ಕಾಗದದಲ್ಲೂ ಬರೆಯಲು ಜಾಗವಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಲಲಿತಕ್ಕ ಒಮ್ಮೆ ನನ್ನ ಕೈ ಹಿಡಿದು, “ನಾನು ಕೊಟ್ಟ ನೀರಿಂದ್ಲೇ ಹಿಂಗಾಯ್ತಾ?” ಎಂದು ಅತ್ತಳು. ಅಲ್ಲ ಲಲಿತಕ್ಕ, ತಪ್ಪು ನನ್ನದು, ನಾನು ಜಗಲಿಯಿಂದ ಎದ್ದು ಬರಬೇಕಿತ್ತು ಎಂದೆ. ಅದು ಸಮಾಧಾನದ ಮಾತಲ್ಲ, ಸತ್ಯ. ಒಳ್ಳೆಯದನ್ನು ಬಂದವರಿಗೆ ಎತ್ತಿಡುವ ಓಣಿಗಳು ನಮ್ಮಲ್ಲಿ ಎಷ್ಟಿವೆಯೋ, ಅಲ್ಲಿಂದೆಲ್ಲ ನನಗೆ ಇಷ್ಟು ವರ್ಷ ಎಂಥ ನೀರು ಬಂದಿದೆಯೋ, ಎಷ್ಟು ಕಾಗದಗಳ ಮೇಲೆ ನನ್ನ ಸಹಿಯಿದೆಯೋ ಎಂದು ಲೆಕ್ಕ ಹಾಕಲು ಹೊರಟವಳು ಈಗಲೂ ಅಲ್ಮೇರಾದ ಮೊದಲ ಕಟ್ಟಿನಲ್ಲೇ ನಿಂತುಬಿಡುತ್ತೇನೆ.

ಕೊಳವೆ ಬದಲಾಯಿಸಿ, ಟ್ಯಾಂಕು ತೊಳೆದು, ಕ್ಲೋರಿನ್ ಹಾಕಿದ ಮೇಲೆ ಮೂರು ಸಲ ಬೇರೆ ಬೇರೆ ದಿನ ನಾನೇ ಹಿತ್ತಲಿಗೆ ಹೋಗಿ ಬಾಟಲಿ ತುಂಬಿದೆ. ಯಾವುದೂ ಕಪ್ಪಾಗಲಿಲ್ಲ. ‘ಕುಡಿಯಲು ಯೋಗ್ಯ’ ಎಂಬ ಕಾಗದವನ್ನು ಅಂಚೆಗೆ ಹಾಕದೆ ಕೈಯಾರೆ ಒಯ್ದೆ. ಸುಮ ಕಾಗದ ಮುಟ್ಟಲಿಲ್ಲ. ಒಳಗೆ ಹೋಗಿ ಎರಡು ಚೊಂಬು ತಂದು ನನ್ನ ಮುಂದೆ ಜಗಲಿಯ ಮೇಲೆ ಇಟ್ಟಳು. ಬೆಲ್ಲ ಇರಲಿಲ್ಲ.

“ಇದು ಬಾವೀದು. ಇದು ನಲ್ಲೀದು, ಈಗ ಹಿಡ್ದಿದ್ದು, ಕಾಯ್ಸಿಲ್ಲ. ಯಾವ್ದು ಕುಡೀತೀರಿ?”

ಒಳಗಿನಿಂದ ಲಲಿತಕ್ಕ ಗಾಬರಿಯಲ್ಲಿ, “ಏ ಸುಮಾ, ಬಂದೋರಿಗೆ ಹಂಗೆಲ್ಲ ಕೇಳ್ತಾರೇನೇ!” ಎಂದಳು.

“ಅವ್ರು ಬಂದೋರಲ್ಲ ಅತ್ತೆ,” ಎಂದಳು ಸುಮ, ನನ್ನ ಮೇಲಿನ ಕಣ್ಣು ತೆಗೆಯದೆ. “ಸಹಿ ಹಾಕೋರು.”

ನಾನು ನಲ್ಲಿಯ ಚೊಂಬು ಎತ್ತಿಕೊಂಡೆ. ಎತ್ತುವ ಮುನ್ನ ಒಂದು ಕ್ಷಣ ಕೈ ತಡೆಯಿತು, ಅದನ್ನು ಅವಳು ಕಂಡಳು. ಗಡಸು ನೀರು, ಕ್ಲೋರಿನ್ನಿನ ಘಾಟು. ಒಂದು ಹನಿ ಉಳಿಸದೆ ಕುಡಿದು ಚೊಂಬನ್ನು ಮಗುಚಿ ತೋರಿಸಿದೆ. ಅವಳು ತಲೆಯಾಡಿಸಿದಳು. “ಡಾಕ್ಟ್ರು ಹೇಳಿದಾರೆ, ಒಳಗೆ ಹೊಕ್ಕಿದ್ದು ಕಣ್ಣಿಗೆ ಬರಕ್ಕೆ ತಿಂಗಳು, ಎರಡು ತಿಂಗಳು ಹಿಡೀತದಂತೆ. ಎರಡು ತಿಂಗಳು ನೋಡ್ತೀನಿ. ನಿಮ್ಮ ಕಣ್ಣು ಬೆಳ್ಳಗೇ ಇದ್ರೆ ನಾವೂ ಕಾಯ್ಸದೆ ಕುಡೀತೀವಿ.”

ಹೀಗೆ ನಾನೀಗ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟ ಒಂದು ಬಾಟಲಿ. ನೀರಿನಲ್ಲಿ ಏನೂ ಇಲ್ಲವೆಂದು ನನಗೆ ಗೊತ್ತು, ಮೂರು ಸಲ ನೋಡಿದ್ದೇನೆ. ಆದರೆ ಗೊತ್ತು ಎಂಬುದನ್ನು ನಾನು ಮೊದಲೂ ಒಮ್ಮೆ ಸಹಿ ಹಾಕಿ ಕಳಿಸಿದ್ದೆನಲ್ಲ. ದಿನವೂ ಬೆಳಗ್ಗೆ ಏಳಕ್ಕೆ ಸುಮಳ ಫೋನು ಬರುತ್ತದೆ. ಕುಶಲ ಕೇಳುವುದಿಲ್ಲ, ಹೆಸರು ಹೇಳುವುದಿಲ್ಲ, “ಹೆಂಗಿದಾವೆ?” ಎನ್ನುತ್ತಾಳೆ. ಕಿಟಕಿಯ ಈ ಚೊಂಬಿನತ್ತ ಮೊದಲು ಕಣ್ಣು ಹೋಗುತ್ತದೆ; ಬುಡನ್ ಸಾಬರು ಅದನ್ನು ಎಷ್ಟು ಚೆನ್ನಾಗಿ ಬೆಳಗಿಕೊಟ್ಟಿದ್ದಾರೆಂದರೆ ನನ್ನ ಎರಡು ಕಣ್ಣು ಅದರ ಹೊಟ್ಟೆಯಲ್ಲಿ ಅಚ್ಚ ಹಳದಿಯಾಗಿ ನನ್ನನ್ನೇ ನೋಡುತ್ತವೆ. ಅಂಗಳಕ್ಕೆ ಓಡಿ, ಬಿಸಿಲಿಗೆ ಕನ್ನಡಿ ಹಿಡಿದು, ಕೆಳರೆಪ್ಪೆ ಎಳೆದು ನೋಡಿಕೊಂಡು, “ಬೆಳ್ಳಗಿದಾವೆ ಸುಮಾ” ಎನ್ನುತ್ತೇನೆ. ಅವಳು ಹೂಂ ಎನ್ನುತ್ತಾಳೆ. ಅವಳ ಹಿಂದೆ, ಹಿತ್ತಲಿನಲ್ಲಿ, ಕೊಳವೆ ಹೊಸದಾದರೂ ನಲ್ಲಿ ಉದ್ದಕ್ಕೆ ಉಸಿರೆಳೆದುಕೊಳ್ಳುವುದು ಫೋನಿನಲ್ಲೂ ಕೇಳಿಸುತ್ತದೆ.

ಇನ್ನು ಹನ್ನೊಂದು ದಿನವಿದೆ. ಅಲ್ಲಿಯವರೆಗೆ ಈ ಚೊಂಬಿಗೆ ನಾನು ನೀರು ತುಂಬುವುದಿಲ್ಲ, ಬಂದವರಿಗೆ ನನ್ನ ಕೈಯಿಂದ ಕೊಡುವುದೂ ಇಲ್ಲ. ಇವತ್ತು ಏಳೂವರೆಯಾದರೂ ಅವಳ ಫೋನು ಬಂದಿಲ್ಲ. ನಾನು ಆಗಲೇ ಮೂರು ಸಲ ಕನ್ನಡಿ ನೋಡಿಕೊಂಡಿದ್ದೇನೆ.